ಕಾರ್ಖಾನೆ ಮುಚ್ಚಿತು, ಕಾರು ಓಡುತ್ತಿದೆ

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ)



ಈ ದಿನ ನಾವು ಮೋಟಾರು ಕಾರಿನ ವಿಷಯ ಮಾತನಾಡುತ್ತೇವೆಂದು ಹಲಗೆಯ ಮೇಲೆ ಬರೆದದ್ದನ್ನು ಕಂಡು ಅನೇಕರು ನಕ್ಕರಂತೆ. ಅದೂ ಇಬ್ಬರೇ ಕೂರುವ ಷೋಕಿ ಕಾರು! ಸೈಕಲ್ಲಿಗೆ ಟಯರು ಹಾಕಿಸಲು ಸಂಬಳದ ದಿನ ಕಾಯುವವರಿಗೆ ಅದರ ಗೊಡವೆ ಏಕೆಂದು ಅಂಗಡಿಯವರೊಬ್ಬರು ಬಾಗಿಲಲ್ಲೇ ನಮ್ಮನ್ನು ಕೇಳಿದರು. ಕೇಳಿದ್ದು ಸರಿಯೆ. ಅರ್ಧ ಗಂಟೆ ಸಹಿಸಿಕೊಳ್ಳಿ, ಆಮೇಲೆ ಬಯ್ಯುವಿರಂತೆ.

ಎಂ.ಜಿ. ಎಂಬ ಹೆಸರಿನ ಕಾರುಗಳನ್ನು ನೀವು ನಮ್ಮ ಹೆದ್ದಾರಿಯಲ್ಲಿ ಕಂಡಿದ್ದೀರಿ. 2019ರಿಂದ ಅವು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿವೆ. ಹೆಸರು ಈಗ ಚೀನದ ಕಂಪನಿಯೊಂದರದು. ನಾವು ಹೇಳಹೊರಟಿರುವುದು ಆ ಹೆಸರಿನ ಹಳೆಯ ಕಾರುಗಳ ಕಥೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮಾರಿಸ್ ಗ್ಯಾರೇಜಸ್ ಎಂಬ ಕಾರು ಮಾರುವ ಅಂಗಡಿ ಇತ್ತು. ಅದರ ವ್ಯವಸ್ಥಾಪಕ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರಿಗೆ ಹಗುರವಾದ ಮೈ ತೊಡಿಸಿ ಮಾರತೊಡಗಿದ. 1929ರಲ್ಲಿ ಕಾರ್ಖಾನೆ ಪಕ್ಕದ ಅಬಿಂಗ್ಡನ್ ಊರಿಗೆ ಹೋಯಿತು. ಸಾಧಾರಣ ಕಾರಿನ ಭಾಗಗಳಿಂದಲೇ ಕಟ್ಟಿದ್ದರಿಂದ ಬೆಲೆ ತಗ್ಗಿತ್ತು, ರಿಪೇರಿ ಸುಲಭವಾಗಿತ್ತು. 1955ರಲ್ಲಿ ಬಂದ ಎಂ.ಜಿ.ಎ. ಕಾರಿನ 1489 ಸಿ.ಸಿ. ಇಂಜಿನ್ ನಮ್ಮ ಅಂಬಾಸಿಡರ್ ಕಾರಿನ ಹಳೆಯ ಇಂಜಿನ್ನಿನ ಒಡಹುಟ್ಟು. ನಿಮ್ಮಲ್ಲಿ ಹಳೆಯ ಟ್ಯಾಕ್ಸಿ ರಿಪೇರಿ ಮಾಡಿದವರಿದ್ದರೆ ಈ ಷೋಕಿ ಕಾರಿನ ಹೊಟ್ಟೆಯೊಳಗೂ ಕೈಹಾಕಬಲ್ಲಿರಿ.

1930ರಲ್ಲೇ ಈ ಕಾರಿನ ಒಡೆಯರು ಒಂದು ಸಂಘ ಕಟ್ಟಿಕೊಂಡರು, ಎಂ.ಜಿ. ಕಾರ್ ಕ್ಲಬ್. ಅದರ ಮೊದಲ ಕಾರ್ಯದರ್ಶಿ ಜಾನ್ ಥಾರ್ನ್‌ಲಿ ಎಂಬ ಯುವಕ. ಮುಂದೆ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿ ಅದರ ಮುಖ್ಯಸ್ಥನೇ ಆದ. 1973ರಲ್ಲಿ ಎಂ.ಜಿ. ಓನರ್ಸ್ ಕ್ಲಬ್ ಎಂಬ ಇನ್ನೊಂದು ಸಂಘ ಹುಟ್ಟಿತು. ಈ ಸಂಘದವರು ಮಾಡುವುದೇನು? ತಿಂಗಳಿಗೊಮ್ಮೆ ಊರಿನ ಹೋಟಲಿನಲ್ಲಿ ಸೇರಿ ಹರಟುತ್ತಾರೆ. ಭಾನುವಾರ ಹತ್ತಾರು ಕಾರುಗಳು ಸಾಲಾಗಿ ಹಳ್ಳಿಯ ದಾರಿ ಹಿಡಿಯುತ್ತವೆ. ದಾರಿ ಬಲ್ಲವನು ಮುಂದೆ, ಕೆಟ್ಟುನಿಂತವರಿಗಾಗಿ ಕೈತುಂಬ ಸ್ಪ್ಯಾನರ್ ಇಟ್ಟುಕೊಂಡವನು ಹಿಂದೆ. ಮಿಕ್ಕಂತೆ ಮಾತೆಲ್ಲ ಯಂತ್ರದ್ದೇ. ಎರಡು ಕಾರ್ಬ್ಯುರೇಟರುಗಳನ್ನು ಸಮ ಮಾಡುವುದು ಹೇಗೆಂದು ಹೊಸಬ ಕೇಳಿದರೆ ಹಳಬನೊಬ್ಬ ಮೊಳದಷ್ಟು ರಬ್ಬರ್ ಕೊಳವೆ ಕೊಟ್ಟು, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಗಾಳಿ ಹೀರುವ ಬಾಯಿಗೆ ಹಿಡಿ, ಎರಡರ ಸದ್ದೂ ಒಂದೇ ಆಗುವ ತನಕ ತಿರುಪು ತಿರುಗಿಸು ಎನ್ನುತ್ತಾನೆ. ಗುಟ್ಟು ಅಷ್ಟೆ.

ಚಕ್ರದ ವಿಷಯ ಬಂತೆಂದರೆ ರಾತ್ರಿ ಕಳೆದರೂ ಮುಗಿಯದು. 1962ರಿಂದ 1980ರ ವರೆಗೆ ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಎಂ.ಜಿ.ಬಿ. ಕಾರಿಗೆ ತಗಡಿನ ಚಕ್ರವೂ ಇತ್ತು, ಸೈಕಲ್ಲಿನಂತೆ ಕಡ್ಡಿಯ ಚಕ್ರವೂ ಇತ್ತು. ಹದಿನಾಲ್ಕು ಅಂಗುಲದ ಚಕ್ರಕ್ಕೆ 60 ಕಡ್ಡಿ. ನಾಲ್ಕು ಬೋಲ್ಟುಗಳಿಲ್ಲ, ನಡುವೆ ರೆಕ್ಕೆಯಿರುವ ಒಂದೇ ನಟ್ಟು, ತಾಮ್ರದ ಸುತ್ತಿಗೆಯಿಂದ ಬಡಿದು ಬಿಗಿಯಬೇಕು. ಎಡಬದಿಯ ತಿರುಪು ಒಂದು ದಿಕ್ಕಿಗೆ, ಬಲಬದಿಯದು ಅದಕ್ಕೆ ಎದುರು. ಓಡಿದಷ್ಟೂ ನಟ್ಟು ಬಿಗಿಯಾಗುತ್ತ ಹೋಗಲೆಂದು ಹೀಗೆ ಮಾಡಿದ್ದಾರೆ. ಅರಿಯದವನು ಎಡದ ಹಬ್ ತೆಗೆದು ಬಲಕ್ಕೆ ಕೂರಿಸಿದರೆ ದಾರಿಯಲ್ಲಿ ಚಕ್ರವೇ ಕಳಚೀತು! ಒಳಗಡೆ ಚಕ್ರವನ್ನು ಹಿಡಿದು ತಿರುಗಿಸುವುದು ಹಬ್ ಮೇಲಿನ ಹಲ್ಲುಗಳು. ಗ್ರೀಸ್ ಹಚ್ಚದಿದ್ದರೆ ಅವು ಸವೆದು ಚೂಪಾಗುತ್ತವೆ. ಇದನ್ನು ಪರೀಕ್ಷಿಸಲು ದೊಡ್ಡ ಗ್ಯಾರೇಜಿಗೆ ಹೋಗಬೇಕಿಲ್ಲ: ಜಾಕ್ ಕೊಟ್ಟು ಎತ್ತಿ, ಒಬ್ಬರು ಬ್ರೇಕು ಒತ್ತಿಹಿಡಿದಿರಲಿ, ಇನ್ನೊಬ್ಬರು ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಲಿ, ಚಕ್ರ ಅಲುಗಿದರೆ ಹಲ್ಲು ಹೋಯಿತೆಂದೇ ಅರ್ಥ. ತಗಡಿನ ಚಕ್ರ ತೆಗೆದು ಚೆಂದಕ್ಕೆಂದು ಕಡ್ಡಿಯ ಚಕ್ರ ಹಾಕಹೊರಟವನಿಗೂ ಬಲ್ಲವರು ಮೊದಲೇ ಎಚ್ಚರಿಸುತ್ತಾರೆ: ಹಬ್ ಬೇರೆ ಬೇಕು, ಹಿಂದಿನ ಆಕ್ಸೆಲಿನ ಅಗಲವೂ ಬೇರೆ, ಹಣ ಕೊಡುವ ಮೊದಲು ಅಳೆದು ನೋಡು.

ನಾವು ಮೇಷ್ಟರಾಗಿದ್ದಾಗ ಸೈಕಲ್ ರಿಪೇರಿ ಮಾಡುತ್ತಿದ್ದವರೊಬ್ಬರ ನೆನಪಾಗುತ್ತದೆ. ಚಕ್ರದ ಬೆಂಡು ತೆಗೆಯುವಾಗ ಕೆಲಸದ ಹುಡುಗನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಹುಡುಗ ಕಲಿತರೆ ಎದುರಿಗೇ ಅಂಗಡಿ ಇಟ್ಟಾನೆಂಬ ಭಯ. ಅವರನ್ನು ನಾವು ದೂರುವುದಿಲ್ಲ; ಹೊಟ್ಟೆಪಾಡು ಅಂಥದು. ಅವರು ತೀರಿಕೊಂಡ ಮೇಲೆ ಆ ಬೀದಿಯಲ್ಲಿ ಬೆಂಡು ತೆಗೆಯಬಲ್ಲವರು ಯಾರೂ ಉಳಿಯಲಿಲ್ಲ.

ಈಗ ಕಹಿಯಾದ ಭಾಗ. ಅಬಿಂಗ್ಡನ್ ಕಾರ್ಖಾನೆ ಆಗ ಬ್ರಿಟಿಷ್ ಲೇಲ್ಯಾಂಡ್ ಕಂಪನಿಗೆ ಸೇರಿತ್ತು. 1975ರಲ್ಲಿ ಆ ಕಂಪನಿಯನ್ನು ಸರ್ಕಾರವೇ ವಹಿಸಿಕೊಂಡಿತ್ತು. ಕಾರುಗಳು ಬಹುಪಾಲು ಹೋಗುತ್ತಿದ್ದುದು ಅಮೆರಿಕಕ್ಕೆ. ಪೌಂಡಿನ ಬೆಲೆ ಏರಿತು. ಕೂಲಿ, ಕಬ್ಬಿಣ ಎಲ್ಲಕ್ಕೂ ಪೌಂಡಿನಲ್ಲಿ ಖರ್ಚು, ಮಾರಿ ಬರುವುದು ಡಾಲರು. ಅಂಗಡಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 1979ರ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಕಾರ್ಖಾನೆಯ ಐವತ್ತನೆಯ ವರ್ಷದ ಉತ್ಸವ ಆಚರಿಸಿತು. ಅದರ ಬೆನ್ನಿಗೇ, 10ನೇ ತಾರೀಖಿನಂದು, ಮುಚ್ಚುವ ಸುದ್ದಿ ಬಂತು. ತೋರಣದ ಹಗ್ಗ ಇನ್ನೂ ಬಿಚ್ಚಿರಲಿಕ್ಕಿಲ್ಲ. ಕಾರಿನ ಒಡೆಯರು ಲಂಡನ್ನಿನಲ್ಲಿ ಮೆರವಣಿಗೆ ತೆಗೆದರು. ತಮ್ಮದಲ್ಲದ ಕಾರ್ಖಾನೆಗಾಗಿ ಗಿರಾಕಿಗಳು ಬೀದಿಗೆ ಇಳಿದದ್ದು ಸಣ್ಣ ಮಾತೆ? ಆಸ್ಟನ್ ಮಾರ್ಟಿನ್‌ನ ಮುಂದಾಳ್ತನದಲ್ಲಿ ಒಂದು ಗುಂಪು ಕಾರ್ಖಾನೆ ಕೊಳ್ಳಲು ಬಂತು; ಹಣ ಹೊಂದಲಿಲ್ಲ. 1980ರ ಅಕ್ಟೋಬರಿನಲ್ಲಿ ಕೊನೆಯ ಎಂ.ಜಿ.ಬಿ. ಹೊರಬಿತ್ತು.

ಸರ್ಕಾರದ ಒಡೆತನವಾದರೆ ಸಾಕು, ಕೆಲಸ ಭದ್ರ ಎಂದು ನಮ್ಮಲ್ಲೂ ಕೆಲವರು ತಿಳಿದಿದ್ದಾರೆ. ಅಬಿಂಗ್ಡನ್ನಿನ ಕೆಲಸಗಾರನನ್ನು ಯಾರೂ ಕೇಳಲಿಲ್ಲ. ಸಂಘದ ಒಡೆಯರ ಪ್ರೀತಿ ಕಾರನ್ನು ಉಳಿಸಿತು, ಅವನ ಕೂಲಿಯನ್ನು ಉಳಿಸಲಿಲ್ಲ. ಇದನ್ನು ಮರೆಮಾಚಿ ಸಂಘವನ್ನು ಹೊಗಳುವುದು ನಮಗೆ ಸೇರದು.

ಆದರೂ ಕಾರು ಉಳಿದದ್ದು ಹೇಗೆಂದು ನೋಡಿ. ಮಳೆನಾಡಿನ ಕಾರುಗಳಿಗೆ ತುಕ್ಕು ಹಿಡಿದು ತಗಡು ಉದುರತೊಡಗಿತು. ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಎಂ.ಜಿ.ಬಿ.ಯ ಇಡೀ ಮೈಯನ್ನೇ ಹೊಸದಾಗಿ ಒತ್ತಿ ಕೊಡಲು ಆರಂಭಿಸಿತು. ಕಾರ್ಖಾನೆ ಮುಚ್ಚಿ ಎಂಟು ವರ್ಷದ ಮೇಲೆ! ಕೊಳ್ಳುವವರು ಇದ್ದರು, ಏಕೆಂದರೆ ಬಿಚ್ಚಿ ಜೋಡಿಸಬಲ್ಲವರು ಊರೂರಿನಲ್ಲಿ ಇದ್ದರು. ಬಲ್ಲವರು ಇದ್ದದ್ದು ಒಬ್ಬರಿಗೊಬ್ಬರು ಬೆನ್ನು ಮಾಡದೆ ಕಲಿಸಿದ್ದರಿಂದ.

ಮುಂದಿನ ಭಾನುವಾರ ಇದೇ ಹೊತ್ತಿಗೆ ನಮ್ಮ ಗಿರಣಿಯ ಹಿರಿಯ ಫಿಟ್ಟರ್ ಒಬ್ಬರು ಮಗ್ಗದ ಹಳೆಯ ಭಾಗಗಳನ್ನು ಈ ಮೇಜಿನ ಮೇಲೆ ಬಿಚ್ಚಿ ತೋರಿಸಲು ಒಪ್ಪಿದ್ದಾರೆ. ಹುಡುಗರು ಮುಂದಿನ ಸಾಲಿನಲ್ಲಿ ಕೂರಲಿ. ನೋಟ್ ಪುಸ್ತಕ ತನ್ನಿ.