ಮಾತು ಮಂಡಲವಾಗುವ ಬಗೆ



ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಅನುವಾದ ಮಾಡುವವರ ಕಷ್ಟಸುಖಗಳು ಸಾಹಿತ್ಯಾಸಕ್ತರಾದ ತಮಗೆ ತಿಳಿಯದವಲ್ಲ. ಈ ಹೊತ್ತು ನಾನು ಹೇಳಹೊರಟಿರುವುದೂ ಒಂದು ಅನುವಾದದ ಸಂಗತಿಯನ್ನೇ. ಇಲ್ಲಿ ಮೂಲವೆಂದರೆ ಗಣಕಯಂತ್ರಕ್ಕಾಗಿ ಬರೆದ ಕ್ರಮವಿಧಿ, ಅಂದರೆ ಪ್ರೋಗ್ರಾಂ. ಅನುವಾದವು ಮಾತ್ರ ಮತ್ತೊಂದು ಬರಹವಲ್ಲ; ವಿದ್ಯುತ್ತು ಹರಿಯುವ ಒಂದು ಮಂಡಲದ, ಒಂದು ಸರ್ಕಿಟ್ಟಿನ ವಿನ್ಯಾಸ. ಮಾತು ಇಲ್ಲಿ ವಸ್ತುವಾಗಲು ಹೊರಡುತ್ತದೆ.

ಸಾಮಾನ್ಯ ಗಣಕದಲ್ಲಿ ನಡೆಯುವುದೇನು? ಪ್ರೊಸೆಸರ್ ಎಂಬ ಆಳು ಒಂದು ಆಜ್ಞೆಯನ್ನು ಓದಿ, ಅದರಂತೆ ನಡೆದು, ಮುಂದಿನ ಆಜ್ಞೆಗೆ ಹೋಗುತ್ತಾನೆ. ಕುಣಿಗಲ್ ಕೆರೆಯ ನೀರನ್ನು ಕೊಡದಲ್ಲಿ ಹೊತ್ತು ಗದ್ದೆಗಳಿಗೆ ಸುರಿದಂತೆ. ಈಚಿನ ಗಣಕಗಳಲ್ಲಿ ನಾಲ್ಕೆಂಟು ಆಳುಗಳಿರಬಹುದು, ಅವರು ಬಲು ಚುರುಕಾಗಿಯೂ ಇರಬಹುದು. ಆದರೂ ಹೊರುವುದು ಕೊಡವನ್ನೇ. ಕೆರೆಯ ಕೆಳಗಿನ ರೈತ ಹೀಗೆ ಮಾಡುವುದಿಲ್ಲ. ಅವನು ತೂಬನ್ನು ಎತ್ತುತ್ತಾನೆ. ನೀರು ಕಾಲುವೆ ಹಿಡಿದು, ಕವಲೊಡೆದು, ಏಕಕಾಲಕ್ಕೆ ಹತ್ತು ಗದ್ದೆಗಳನ್ನು ಸೇರುತ್ತದೆ. ಎಲ್ಲಿಗೆ ಹೋಗಬೇಕೆಂದು ನೀರಿಗೆ ಯಾರೂ ಹೇಳುವುದಿಲ್ಲ. ಆಜ್ಞೆಯು ಕಾಲುವೆಯ ಆಕಾರದಲ್ಲೇ ಅಡಗಿದೆ. ಸರ್ಕಿಟ್ಟಿನ ಗುಟ್ಟೂ ಇದೇ.

ಇಂಥ ಕಾಲುವೆಗಳನ್ನು ಎಂಜಿನಿಯರುಗಳು ಮೊದಲು ಕೈಯಿಂದಲೇ ಚಿತ್ರಿಸುತ್ತಿದ್ದರು. 1980ರ ದಶಕದಲ್ಲಿ ವೆರಿಲಾಗ್ ಎಂಬ ಭಾಷೆ ಬಂದಿತು, ವಿ.ಎಚ್.ಡಿ.ಎಲ್. ಎಂಬ ಇನ್ನೊಂದು ಭಾಷೆಯ ನಿಯಮಗಳು 1987ರಲ್ಲಿ ಸ್ಥಿರಗೊಂಡವು. ಚಿತ್ರದ ಬದಲು ಬರಹ ಸಾಧ್ಯವಾಯಿತು. ಆದರೆ ಯಾವ ಮಿಡಿತಕ್ಕೆ ಯಾವ ಅಂಕಿ ಎಲ್ಲಿರಬೇಕೆಂಬ ಲೆಕ್ಕವು ಬರೆಯುವವನ ಹೊರೆಯಾಗಿಯೇ ಉಳಿಯಿತು. 1985ರಲ್ಲಿ ಅಮೆರಿಕದ ಝೈಲಿಂಕ್ಸ್ ಕಂಪನಿಯು ಕೇವಲ 64 ತರ್ಕಘಟಕಗಳುಳ್ಳ ಒಂದು ಚಿಪ್ಪನ್ನು ಹೊರತಂದಿತು. ಕಾರ್ಖಾನೆಯಿಂದ ಬಂದ ಮೇಲೂ ಅದರ ಒಳಸಂಪರ್ಕಗಳನ್ನು ಬೇಕಾದಂತೆ ಜೋಡಿಸಬಹುದಾಗಿತ್ತು. ಇದಕ್ಕೆ ಎಫ್.ಪಿ.ಜಿ.ಎ. ಎಂದು ಹೆಸರು. ಕಾಲುವೆಯನ್ನು ಅಳಿಸಿ ಮತ್ತೆ ತೋಡಬಹುದಾದ ಗದ್ದೆಯಿದು. ಆಗ ಸಹಜವಾಗಿಯೇ ಒಂದು ಆಸೆ ಬಲಗೊಂಡಿತು: ಎಲ್ಲರೂ ಬಲ್ಲ ಸಿ ಮುಂತಾದ ಭಾಷೆಯಲ್ಲಿ ಲೆಕ್ಕವನ್ನು ಬರೆದರೆ, ಕಾಲುವೆಯ ನಕ್ಷೆಯನ್ನು ಕಂಪೈಲರೇ ಏಕೆ ತಯಾರಿಸಿಕೊಡಬಾರದು?

ಕಂಪೈಲರು ಈ ಕೆಲಸವನ್ನು ಮಾಡುವ ಬಗೆಯನ್ನು ಅರಿಯಲು ಗುಬ್ಬಿಗೆ ಹೋಗೋಣ. 1884ರಲ್ಲಿ ಹುಟ್ಟಿ, ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ನಾಟಕ ಕಂಪನಿಯ ಊರು ಅದು. ನಾಟಕದ ಹಸ್ತಪ್ರತಿಯಲ್ಲಿ ಪಾತ್ರಗಳಿರುತ್ತವೆ, ಮಾತುಗಳಿರುತ್ತವೆ. ನಟರೆಷ್ಟು ಮಂದಿ ಬೇಕೆಂದು ಬರೆದಿರುವುದಿಲ್ಲ. ಅದನ್ನು ಗೊತ್ತುಮಾಡುವವನು ಆಡಿಸುವವನು. ಬೇರೆ ಬೇರೆ ದೃಶ್ಯಗಳಲ್ಲಿ ಬರುವ ಎರಡು ಪಾತ್ರಗಳನ್ನು ಒಬ್ಬನೇ ನಟ ವಹಿಸಬಹುದು. ಒಂದೇ ದೃಶ್ಯದಲ್ಲಿ ಎದುರುಬದುರಾಗಿ ನಿಂತರೆ ಇಬ್ಬರು ಬೇಕೇ ಬೇಕು. ಕಂಪೈಲರು ಕೂಡ ಮೊದಲು ಯಾವ ಕ್ರಿಯೆ ಯಾವ ಮಿಡಿತದಲ್ಲಿ ಎಂದು ದೃಶ್ಯಗಳನ್ನು ವಿಂಗಡಿಸುತ್ತದೆ. ಬಳಿಕ ಎಷ್ಟು ಕೂಡುಯಂತ್ರ, ಎಷ್ಟು ಗುಣಿಸುಯಂತ್ರ ಸಾಕೆಂದು ನಟರನ್ನು ಹಂಚುತ್ತದೆ. ನಟರು ಹೆಚ್ಚಿದರೆ ಆಟ ಬೇಗ ಮುಗಿಯಬಹುದು, ಖರ್ಚು ಏರುತ್ತದೆ. ನಟರು ಕಡಿಮೆಯಾದರೆ ಖರ್ಚು ಉಳಿಯುತ್ತದೆ, ಹೊತ್ತು ಹಿಡಿಯುತ್ತದೆ.

ಒಂದು ನಿಜವಾದ ಲೆಕ್ಕವನ್ನೇ ನೋಡೋಣ. ಛಾಯಾಚಿತ್ರವೊಂದನ್ನು ನುಣುಪುಗೊಳಿಸಲು ಪ್ರತಿ ಬಿಂದುವಿನ ಬದಲಿಗೆ ಅದರ ಮತ್ತು ಸುತ್ತಲಿನ ಎಂಟು ಬಿಂದುಗಳ ಸರಾಸರಿಯನ್ನು ಇಡಬೇಕು. ಅಡ್ಡ 1920, ಉದ್ದ 1080 ಬಿಂದುಗಳ ಚಿತ್ರದಲ್ಲಿ 20,73,600 ಬಿಂದುಗಳಿವೆ. ಕ್ರಮವಿಧಿಯನ್ನು ಬರೆದಂತೆಯೇ ನಡೆಸಿದರೆ ಸುಮಾರು 1 ಕೋಟಿ 86 ಲಕ್ಷ ಸಲ ಅಂಕಿಗಳನ್ನು ಓದಬೇಕು. ಸರ್ಕಿಟ್ಟಿನಲ್ಲಾದರೋ, ಹಿಂದಿನ ಎರಡು ಸಾಲುಗಳನ್ನು ಒಳಗೇ ಹಿಡಿದಿಟ್ಟುಕೊಂಡರೆ ಪ್ರತಿ ಬಿಂದುವನ್ನು ಹೊರಗಿನಿಂದ ಒಮ್ಮೆ ಓದಿದರೆ ಸಾಕು. ಎಂಟು ಕೂಡುಯಂತ್ರಗಳನ್ನು ನಾಲ್ಕು ಮೆಟ್ಟಿಲಾಗಿ ಜೋಡಿಸಿದರೆ ಒಂಬತ್ತು ಅಂಕಿಗಳ ಮೊತ್ತ ಸಿದ್ಧ. ಮೊದಲ ಉತ್ತರಕ್ಕೆ ತುಸು ಕಾಯಬೇಕು. ಆಮೇಲೆ ಮಿಡಿತಕ್ಕೊಂದು ಉತ್ತರ ಹರಿದುಬರುತ್ತದೆ.

ಈ ವಿದ್ಯೆ ನಮ್ಮ ನೆರೆಯಲ್ಲೇ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಉದಯ್ ಬೊಂಡುಗುಲ ಅವರ ತಂಡವು ಚಿತ್ರಸಂಸ್ಕರಣೆಗೆಂದೇ ಪಾಲಿಮೇಜ್ ಎಂಬ ಭಾಷೆಯನ್ನೂ ಅದರ ಕಂಪೈಲರನ್ನೂ ರೂಪಿಸಿ 2015ರಲ್ಲಿ ಪ್ರಕಟಿಸಿತು. ಮರುವರ್ಷ, ಹೈದರಾಬಾದಿನ ಸಂಶೋಧಕರೊಡಗೂಡಿ, ಅದೇ ಭಾಷೆಯಿಂದ ಎಫ್.ಪಿ.ಜಿ.ಎ. ಸರ್ಕಿಟ್ಟುಗಳನ್ನು ಪಡೆಯುವ ದಾರಿಯನ್ನು ತೋರಿಸಲಾಯಿತು. 2021ರಲ್ಲಿ ಇದೇ ಸಂಸ್ಥೆಯಿಂದ ಎಚ್.ಐ.ಆರ್. ಎಂಬ ನಡುಭಾಷೆಯೊಂದು ಹೊರಬಂದಿತು. ಮೇಲಿನ ಭಾಷೆಗೂ ಕೆಳಗಿನ ಸರ್ಕಿಟ್ಟಿಗೂ ನಡುವೆ ನಿಂತು, ಯಾವ ಕ್ರಿಯೆ ಯಾವ ಮಿಡಿತದಲ್ಲಿ ಎಂಬುದನ್ನು ಸ್ಪಷ್ಟವಾಗಿ ನುಡಿಯುವ ಭಾಷೆಯಿದು. ಒಳ್ಳೆಯ ಅನುವಾದಕನ ಮನಸ್ಸಿನಲ್ಲಿ ಎರಡು ಭಾಷೆಗಳ ನಡುವೆ ಅರ್ಥವು ಒಂದು ಕ್ಷಣ ತಂಗುತ್ತದಲ್ಲವೆ? ಅಂಥ ತಂಗುದಾಣ.

ಈ ಅನುವಾದಕ್ಕೂ ಎಲ್ಲೆಗಳುಂಟು. ತನ್ನನ್ನು ತಾನೇ ಮತ್ತೆ ಮತ್ತೆ ಕರೆದುಕೊಳ್ಳುವ ಕ್ರಮವಿಧಿಯನ್ನು ಇಂಥ ಕಂಪೈಲರುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಾಟಕ ನಡೆಯುತ್ತಿರುವಾಗ ಹೊಸ ನಟರನ್ನು ಹುಟ್ಟಿಸಲಾಗದಷ್ಟೆ. ಇನ್ನು ಶಾಶ್ವತವಾಗಿ ಅಚ್ಚೊತ್ತಿದ ಚಿಪ್ಪಿನಲ್ಲಿ ತಪ್ಪು ಉಳಿದರೆ ಅದನ್ನು ತಿದ್ದುವುದು ಸುಲಭವಲ್ಲ. 1994ರಲ್ಲಿ ಬೆಳಕಿಗೆ ಬಂದ ಪೆಂಟಿಯಮ್ ಚಿಪ್ಪಿನ ಭಾಗಾಕಾರದ ದೋಷಕ್ಕಾಗಿ ಇಂಟೆಲ್ ಕಂಪನಿಯು 47.5 ಕೋಟಿ ಡಾಲರುಗಳ ನಷ್ಟವನ್ನು ಲೆಕ್ಕಕ್ಕೆ ಹಿಡಿಯಬೇಕಾಯಿತು.

ಹಾಗಾದರೆ ಸರ್ಕಿಟ್ಟು ಬಲ್ಲವರ ಕೆಲಸವನ್ನು ಕಂಪೈಲರು ಕಿತ್ತುಕೊಳ್ಳುವುದೆ? ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಯಿದು, ಲಘುವಾದುದಲ್ಲ. ಪಳಗಿದ ಕೈಗಳನ್ನು ಕಾಲವು ಹಿಂದೆ ಬಿಟ್ಟುದನ್ನು ತುಮಕೂರು ಕಣ್ಣಾರೆ ಕಂಡಿದೆ. ಇಲ್ಲಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 1978ರಲ್ಲಿ ಆರಂಭವಾಯಿತು. ಆ ಗಡಿಯಾರ ಕಂಪನಿಯನ್ನೇ ಮುಚ್ಚುವ ನಿರ್ಧಾರವನ್ನು ಕೇಂದ್ರ ಸರ್ಕಾರವು 2016ರಲ್ಲಿ ಕೈಗೊಂಡಿತು. ಕೀಲಿಕೊಡುವ ಗಡಿಯಾರವೂ ಒಂದು ಬಗೆಯ ಸರ್ಕಿಟ್ಟೇ. ಅರವತ್ತಕ್ಕೊಂದು ಎಂಬ ಲೆಕ್ಕ ಅದರ ಹಲ್ಲುಚಕ್ರಗಳಲ್ಲೇ ಇದೆ. ಹಲ್ಲುಚಕ್ರಗಳು ಹಿಂದಾದವು, ಲೆಕ್ಕ ಹಿಂದಾಗಲಿಲ್ಲ.

ನನ್ನ ಉತ್ತರ ಇಷ್ಟೇ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಸಂಸ್ಥೆಗಳಿರುವ ಈ ಊರಿನ ಹುಡುಗ ಹುಡುಗಿಯರಿಗೆ ಚಿಪ್ಪಿನ ಬಾಗಿಲನ್ನು ಈ ಕಂಪೈಲರುಗಳು ಇನ್ನಷ್ಟು ಅಗಲವಾಗಿ ತೆರೆದಿವೆ. ಸಿ ಭಾಷೆ ಬಲ್ಲವರು ಮೇಜಿನ ಮೇಲಿನ ಒಂದು ಫಲಕದಲ್ಲೇ ತಮ್ಮ ಲೆಕ್ಕವನ್ನು ಸರ್ಕಿಟ್ಟಾಗಿಸಿ ನೋಡಬಹುದು. ಆದರೆ ಕಂಪೈಲರು ಕೊಟ್ಟದ್ದು ಚೆನ್ನಾಗಿದೆಯೇ, ದುಂದಾಗಿದೆಯೇ ಎಂದು ಹೇಳಬೇಕಾದವರು ಕೆಳಗಿನ ಕಾಲುವೆಯನ್ನೂ ಬಲ್ಲವರಾಗಿರಬೇಕು. ಒಂದೇ ಭಾಷೆ ಬಲ್ಲವನು ಅನುವಾದವನ್ನು ಓದಬಲ್ಲ, ತೂಗಲಾರ. ಎರಡನ್ನೂ ಬಲ್ಲವರನ್ನು ತಯಾರಿಸುವುದು ನಮ್ಮ ತರಗತಿಗಳ ಕೆಲಸ. ಅದನ್ನು ಯಾವ ಕಂಪೈಲರೂ ನಮಗಾಗಿ ಮಾಡಿಕೊಡದು.