ಆಟದ ಲೋಕದ ಕುಲಗಳು: ಮೈಯ ಲಕ್ಷಣವೂ ಬುದ್ಧಿಯ ಅಂಕಿಯೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಮಾತಿಗೆ ನಾವು ಆರಿಸಿಕೊಂಡ ವಿಷಯ ತಮ್ಮಲ್ಲಿ ಅನೇಕರಿಗೆ ಹೊಸದಿರಬಹುದು. ಅಮೆರಿಕದಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ, ಅದರಲ್ಲಿ ಬರುವ ಕಲ್ಪಿತ ಕುಲಗಳು, ಆ ಕುಲದವರ ಎತ್ತರ, ತೂಕ, ಕಣ್ಣು, ಆಯುಸ್ಸು. ಹುಡುಗರ ಆಟಕ್ಕೆ ಒಂದು ಸಂಜೆಯೇಕೆ ಎಂದು ಯಾರಾದರೂ ಕೇಳಬಹುದು. ಮೈ ನೋಡಿ ಬುದ್ಧಿಯನ್ನು ಅಳೆಯಬಹುದೇ ಎಂಬ ಪ್ರಶ್ನೆಯ ಮೇಲೆ ಈ ಆಟದವರು ಐವತ್ತು ವರ್ಷ ತಮ್ಮತಮ್ಮಲ್ಲೇ ವಾದ ಮಾಡಿದ್ದಾರೆ. ಊರು ಬಿಟ್ಟು ಬಂದು, ಧಾರವಾಡವೋ ಮಂಗಳೂರೋ ಎಂದು ಕೇಳದೆ 'ಮದ್ರಾಸಿ' ಎಂದು ಒಂದೇ ಮಾತಿನಲ್ಲಿ ಕರೆಸಿಕೊಂಡ ನಮ್ಮಂಥವರಿಗೆ ಆ ಪ್ರಶ್ನೆ ಪರರ ಮನೆಯದಲ್ಲ.

ಮೊದಲು ಆಟದ ಕ್ರಮ. ಪಗಡೆಯಂತೆ ಇಲ್ಲಿಯೂ ದಾಳಗಳುಂಟು, ಆದರೆ ಹಾಸು ಇರಲೇಬೇಕೆಂದಿಲ್ಲ. ಒಬ್ಬನು ಸೂತ್ರಧಾರ, ಅವನು ಕಥೆ ಹೇಳುತ್ತಾನೆ. ಉಳಿದವರು ತಲೆಗೊಂದು ಪಾತ್ರ ವಹಿಸಿ, ತಮ್ಮ ಪಾತ್ರ ಈಗ ಏನು ಮಾಡುತ್ತದೆಂದು ಹೇಳುತ್ತಾರೆ. ಗೋಡೆ ಹತ್ತಿದನೇ, ಬಿದ್ದನೇ ಎಂಬ ಸಂದೇಹ ಬಂದಲ್ಲಿ ೨೦ ಮುಖದ ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಪ್ರತಿ ಪಾತ್ರಕ್ಕೂ ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳುಂಟು. ಹಳೆಯ ಪದ್ಧತಿಯಲ್ಲಿ ಮೂರು ದಾಳ ಹಾಕಿ ಒಂದೊಂದಕ್ಕೂ ೩ರಿಂದ ೧೮ರೊಳಗಿನ ಅಂಕಿ ಬರೆದುಕೊಳ್ಳುತ್ತಿದ್ದರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ ಈ ಆಟ ೧೯೭೪ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಪ್ರಕಟವಾಯಿತು.

ಅಂದು ಮನುಷ್ಯನನ್ನು ಬಿಟ್ಟರೆ ಮುಖ್ಯವಾಗಿ ಇದ್ದ ಕುಲಗಳು ಮೂರು: ಡ್ವಾರ್ಫ್, ಎಲ್ಫ್, ಹಾಬಿಟ್. ಮೊದಲಿನೆರಡೂ ಯೂರೋಪಿನ ಉತ್ತರದೇಶಗಳ ಹಳೆಯ ಕಥೆಗಳಿಂದ ಬಂದವು. ಮೂರನೆಯದು ಆಂಗ್ಲ ಪ್ರಾಧ್ಯಾಪಕ ಟೋಲ್ಕಿನ್ನರು ೧೯೩೭ರ ಕಾದಂಬರಿಯಲ್ಲಿ ಸೃಷ್ಟಿಸಿದ್ದು. ಅವರ ಹಾಬಿಟ್ಟರು ಮೋಟಾಗಿರುವರು, ಪಾದದ ಮೇಲೆ ಗುಂಗುರು ಕೂದಲು, ಕಾಲಿಗೆ ಜೋಡು ಬೇಡ. ಟೋಲ್ಕಿನ್ನರ ಕೃತಿಗಳ ಹಕ್ಕುದಾರರು ಆಕ್ಷೇಪಿಸಿದ್ದರಿಂದ ಆಟದವರು ಹೆಸರು ಬದಲಿಸಿ 'ಹಾಫ್‌ಲಿಂಗ್' ಎಂದರು.

ಈ ಕುಲಗಳ ಮೈಯ ವಿವರ ೨೦೧೪ರ ನಿಯಮಪುಸ್ತಕದಲ್ಲಿ ಅಚ್ಚುಕಟ್ಟಾಗಿದೆ. ಡ್ವಾರ್ಫ್ ನಾಲ್ಕರಿಂದ ಐದು ಅಡಿ ಎತ್ತರ, ಆದರೆ ತೂಕ ಸುಮಾರು ೧೫೦ ಪೌಂಡು; ಅಂದರೆ ಗಿಡ್ಡನಾದರೂ ಗಟ್ಟಿ. ನಡಿಗೆ ಮನುಷ್ಯನಿಗಿಂತ ನಿಧಾನ, ಆದರೆ ಮೈಮೇಲೆ ಎಷ್ಟು ಭಾರದ ಕವಚ ಹೊತ್ತರೂ ಆ ನಡಿಗೆ ತಗ್ಗದು. ವಿಷ ಅವನಿಗೆ ಬೇಗ ತಟ್ಟದು. ಆಯುಸ್ಸು ಸುಮಾರು ೩೫೦ ವರ್ಷ. ಹಾಫ್‌ಲಿಂಗ್ ಮೂರಡಿ, ೪೦ ಪೌಂಡು. ತನಗಿಂತ ದೊಡ್ಡವರ ನಡುವೆ ನುಸುಳಿ ಹೋಗಬಲ್ಲನು. (ಬೆಳಿಗ್ಗೆ ಎಂಟರ ಲೋಕಲ್ ಗಾಡಿ ಹತ್ತುವವರು ಈ ವರವನ್ನೇ ಬೇಡಿಕೊಳ್ಳುವರೆಂದು ತೋರುತ್ತದೆ.) ಎಲ್ಫ್ ತೆಳ್ಳಗೆ, ಕಿವಿ ಚೂಪು, ಆಯುಸ್ಸು ೭೫೦ ವರ್ಷದವರೆಗೆ. ಅವನಿಗೆ ನಿದ್ದೆಯಿಲ್ಲ; ನಾಲ್ಕು ತಾಸು ಧ್ಯಾನದಂತೆ ಕುಳಿತರೆ ನಮ್ಮ ಎಂಟು ತಾಸಿನ ನಿದ್ದೆಗೆ ಸಮ. ಆದುದರಿಂದ ತಂಡ ಕಾಡಿನಲ್ಲಿ ತಂಗಿದಾಗ ರಾತ್ರಿ ಪಾಳಿ ಬಹುಮಟ್ಟಿಗೆ ಅವನ ಪಾಲಿಗೇ ಬೀಳುತ್ತದೆ. ಘಟಸರ್ಪದ ವಂಶದವರಾದ 'ಡ್ರ್ಯಾಗನ್‌ಬಾರ್ನ್' ಎಂಬವರು ಮೊಟ್ಟೆಯೊಡೆದು ಬಂದ ಕೆಲವೇ ತಾಸಿಗೆ ನಡೆಯುತ್ತಾರೆ, ಮೂರು ವರ್ಷಕ್ಕೆ ನಮ್ಮ ಹತ್ತು ವರ್ಷದ ಮಗುವಿನಷ್ಟು ಬೆಳೆಯುತ್ತಾರೆ. ಪೂರ್ವಿಕ ಕೆಂಪು ಘಟಸರ್ಪವಾದರೆ ಉಸಿರಿನಲ್ಲಿ ಬೆಂಕಿ, ಬಿಳಿಯದಾದರೆ ಕೊರೆಯುವ ಚಳಿ.

ಇವೆಲ್ಲಕ್ಕಿಂತ ಆಟದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಕಣ್ಣು. ೨೦೧೪ರ ನಿಯಮದಂತೆ ಡ್ವಾರ್ಫ್ ಮತ್ತು ಎಲ್ಫ್ ೬೦ ಅಡಿಯವರೆಗೆ ಕತ್ತಲೆಯಲ್ಲಿ ಮಬ್ಬುಬೆಳಕಿನಲ್ಲಿ ಕಂಡಂತೆ ಕಾಣುತ್ತಾರೆ, ಆದರೆ ಬಣ್ಣ ತಿಳಿಯದು, ಎಲ್ಲವೂ ಬೂದಿಯ ಛಾಯೆ. ಮನುಷ್ಯನಿಗೆ ಈ ಶಕ್ತಿಯಿಲ್ಲ. ಗುಹೆಯೊಳಗೆ ಹೋಗುವ ಐವರಲ್ಲಿ ನಾಲ್ವರಿಗೆ ಕತ್ತಲು ಕಂಡರೂ ಐದನೆಯವನು ಮನುಷ್ಯನಾಗಿದ್ದರೆ ದೀವಟಿಗೆ ಹಚ್ಚಲೇಬೇಕು; ಹಚ್ಚಿದೊಡನೆ ದೂರದ ಶತ್ರುವಿಗೆ ಐವರೂ ಕಾಣುತ್ತಾರೆ. ಒಬ್ಬನ ಕಣ್ಣಿನ ಮಿತಿ ಇಡೀ ತಂಡದ ಉಪಾಯವನ್ನೇ ಬದಲಿಸುತ್ತದೆ. ಮೈಯ ಲಕ್ಷಣವೆಂದರೆ ಇಂಥದು: ಅದು ಮಾಡುವ ಕೆಲಸ ಕಣ್ಣೆದುರಿಗೇ ಇದೆ, ಅದರಿಂದ ಯಾರೂ ಮೇಲು ಕೀಳಾಗುವುದಿಲ್ಲ.

ತಕರಾರು ಶುರುವಾದುದು ಗುಣಗಳ ಅಂಕಿಗೆ ಕುಲವನ್ನು ಜೋಡಿಸಿದಾಗ. ೧೯೭೪ರ ಪುಸ್ತಕದಲ್ಲಿ ಹಾಬಿಟ್ ಯೋಧನು ನಾಲ್ಕನೆಯ ಮೆಟ್ಟಿಲಿಗಿಂತ, ಡ್ವಾರ್ಫ್ ಯೋಧನು ಆರನೆಯದಕ್ಕಿಂತ ಮೇಲೇರುವಂತಿರಲಿಲ್ಲ. ಮನುಷ್ಯನಿಗೆ ಅಂಥ ತಡೆಯಿಲ್ಲ. ಎಷ್ಟು ವರ್ಷ ದುಡಿದರೂ ಇಂಥ ಕುಲದವನಿಗೆ ಬಡ್ತಿ ಇಷ್ಟಕ್ಕೇ ಎಂಬ ನಿಯಮ ನಮಗೆ ಅರ್ಥವಾಗದ್ದೇನಲ್ಲ. ೨೦೦೦ದ ಮೂರನೆಯ ಆವೃತ್ತಿಯವರೆಗೂ ಇಂಥ ತಡೆ ಒಂದಲ್ಲ ಒಂದು ರೂಪದಲ್ಲಿ ಉಳಿದಿತ್ತು. ೧೯೭೮ರ ಪುಸ್ತಕದಲ್ಲಿ ಡ್ವಾರ್ಫ್‌ಗೆ ತಾಳಿಕೆ ಒಂದು ಹೆಚ್ಚು, ವರ್ಚಸ್ಸು ಒಂದು ಕಡಿಮೆ. ಅರೆ ಆರ್ಕನಿಗೆ ವರ್ಚಸ್ಸು ಎರಡು ಕಡಿಮೆ. ಹೆಣ್ಣು ಪಾತ್ರದ ಬಲಕ್ಕೆ ಗಂಡಿಗಿಂತ ಕೆಳಗಿನ ಮಿತಿ ಬೇರೆ! ಅದನ್ನು ೧೯೮೯ರ ಎರಡನೆಯ ಆವೃತ್ತಿಯಲ್ಲಿ ತೆಗೆದುಹಾಕಿದರು.

ಆರ್ಕ್ ಎಂಬವನ ವಿಚಾರ ಇನ್ನೂ ಹೀನಾಯ. ೧೯೭೭ರ ರಾಕ್ಷಸರ ಪುಸ್ತಕದಲ್ಲಿ ಅವನ ಚಿತ್ರಕ್ಕೆ ಹಂದಿಯ ಮೂತಿ. ೨೦೧೬ರಷ್ಟು ಈಚೆಗೂ, ಆಟಗಾರನು ಆರ್ಕ್ ಪಾತ್ರ ಆರಿಸಿದರೆ ಬುದ್ಧಿಯ ಅಂಕಿಯಿಂದ ಎರಡನ್ನು ಕಳೆಯಬೇಕೆಂದು ಪುಸ್ತಕದಲ್ಲಿ ಅಚ್ಚಾಯಿತು. ಎರಡು ಕಳೆದರೆ ದಾಳದ ಮೊತ್ತದಲ್ಲಿ ಒಂದು ಕಡಿಮೆ. ೨೦ ಮುಖದ ದಾಳದಲ್ಲಿ ಒಂದೆಂದರೆ ನೂರರಲ್ಲಿ ಐದು ಸಲದ ಅಂತರ. ಲೆಕ್ಕಕ್ಕೆ ಅಲ್ಪವೇ. ಆದರೆ ಆ ಆರ್ಕ್ ಇನ್ನೂ ಒಂದು ಮಾತನ್ನೂ ಆಡಿಲ್ಲ, ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಹೆಸರು ಬರೆಯುವ ಮೊದಲೇ ಖಾತೆಯಲ್ಲಿ ಖರ್ಚು ಬಿದ್ದಿದೆ.

ಡ್ರೌ ಎಂಬ ಕುಲವನ್ನೂ ನೋಡಬೇಕು. ಇವರು ನೆಲದಡಿಯ ಲೋಕದಲ್ಲಿ ವಾಸಿಸುವ ಎಲ್ಫರು, ಜೇಡದ ರೂಪದ ಲೋಲ್ತ್ ಎಂಬ ದೇವತೆಯ ಭಕ್ತರು. ಕತ್ತಲೆಯಲ್ಲಿ ೧೨೦ ಅಡಿ ಕಾಣುತ್ತಾರೆ; ೨೦೧೪ರ ನಿಯಮದಲ್ಲಿ ಬಿಸಿಲಿಗೆ ಬಂದರೆ ಕಣ್ಣು ಕುಕ್ಕಿ ಗುರಿ ತಪ್ಪುತ್ತಿತ್ತು. ಇಲ್ಲಿಯವರೆಗೆ ಸರಿ. ಆದರೆ ಹಳೆಯ ಪುಸ್ತಕಗಳಲ್ಲಿ ಇವರ ಮೈ ಕಪ್ಪು, ಸ್ವಭಾವ ದುಷ್ಟ. ನಿಜವಾದ ಗುಹೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದ ಮೀನು, ಹುಳು ಮೊದಲಾದವು ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತವೆ. ನೆಲದಡಿಯ ಬಾಳಿನಿಂದ ಯಾರೂ ಕಪ್ಪಾಗುವುದಿಲ್ಲ. ಆದುದರಿಂದ ಆ ಕಪ್ಪು ಗುಹೆಯಿಂದ ಬಂದುದಲ್ಲ, ಬರೆದವರ ಮನಸ್ಸಿನಿಂದ ಬಂದುದು. ನಮ್ಮ ಯಕ್ಷಗಾನದಲ್ಲಿಯೂ ಬಣ್ಣದ ವೇಷ ರಂಗಕ್ಕೆ ಬಂದೊಡನೆ ರಾಕ್ಷಸನೆಂದು ತಿಳಿಯುತ್ತದಲ್ಲ ಎಂದರೆ, ನಿಜ. ಆದರೆ ಆ ಬಣ್ಣ ಬೆಳಗಾಗುವಾಗ ಚೌಕಿಯಲ್ಲಿ ತೊಳೆದುಹೋಗುತ್ತದೆ.

೧೯೮೮ರಲ್ಲಿ ಆರ್. ಎ. ಸಾಲ್ವಟೋರ್ ಎಂಬ ಕಾದಂಬರಿಕಾರರು ಡ್ರಿಜ್ಟ್ ಎಂಬ ಒಳ್ಳೆಯ ಡ್ರೌ ವೀರನನ್ನು ಸೃಷ್ಟಿಸಿದರು, ಓದುಗರು ಅವನನ್ನು ಬಹಳ ಮೆಚ್ಚಿದರು. ಆದರೂ ಅವನು ತನ್ನ ಕುಲಕ್ಕೆ ಹೊರತಾದವನೆಂದೇ ಮೆಚ್ಚಿಗೆ. ಮನೆ ಬಾಡಿಗೆಗೆ ಕೊಡುವವರು "ನೀವು ನಿಮ್ಮ ಉಳಿದ ಜನರಂತಲ್ಲ ಬಿಡಿ" ಎಂದು ನಗುತ್ತಾ ಹೇಳುವ ಮಾತನ್ನು ಕೇಳಿದವರಿಗೆ ಈ ಮೆಚ್ಚಿಗೆಯ ರುಚಿ ಗೊತ್ತು.

ಈಗ ಆಟದ ಒಡೆತನವುಳ್ಳ 'ವಿಜರ್ಡ್ಸ್ ಆಫ್ ದ ಕೋಸ್ಟ್' ಸಂಸ್ಥೆಯವರು ೨೦೨೦ರ ಜೂನ್‌ನಲ್ಲಿ, ಆರ್ಕ್ ಮತ್ತು ಡ್ರೌಗಳ ಹಳೆಯ ವರ್ಣನೆ ನಿಜಲೋಕದ ಜನಾಂಗಗಳನ್ನು ಹೀಗಳೆದ ರೀತಿಯನ್ನೇ ನೆನಪಿಸುತ್ತದೆಂದು ತಾವಾಗಿ ಒಪ್ಪಿಕೊಂಡರು. ಅದೇ ವರ್ಷ ಆರ್ಕನ ಬುದ್ಧಿಯ ಕಡಿತ ರದ್ದಾಯಿತು. ಕುಲದಿಂದ ಬರುವ ಹೆಚ್ಚಿನ ಅಂಕಿಗಳನ್ನು ಆಟಗಾರನು ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದೆಂಬ ನಿಯಮವೂ ಬಂತು. ೨೦೨೪ರ ಪುಸ್ತಕದಲ್ಲಿ 'ರೇಸ್' ಎಂಬ ಪದವೇ ಇಲ್ಲ, 'ಸ್ಪೀಷೀಸ್' ಎಂದಿದೆ. ಆರ್ಕ್ ಈಗ ಎಲ್ಲರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾನೆ.

ಇದಕ್ಕೆ ಎದುರು ಮಾತೂ ಉಂಟು. ಎಲ್ಲರೂ ಸಮವಾದರೆ ಆರ್ಕನಾಗಿ ಆಡುವ ಸ್ವಾರಸ್ಯವೇನು? ಮೂರಡಿಯ ಹಾಫ್‌ಲಿಂಗನಿಗೂ ಏಳೆಂಟು ಅಡಿಯ ಗೋಲಿಯತ್ತನಿಗೂ ಬಲದ ಅಂಕಿ ಒಂದೇ ಎಂದರೆ ನಂಬುವುದು ಹೇಗೆ? ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಪುಸ್ತಕದವರು ಕಂಡುಕೊಂಡ ದಾರಿ ಚೆನ್ನಾಗಿದೆ: ಹೊರೆ ಹೊರುವ ಲೆಕ್ಕದಲ್ಲಿ ಗೋಲಿಯತ್ತನನ್ನು ಒಂದು ಗಾತ್ರ ದೊಡ್ಡವನೆಂದು ಎಣಿಸಬೇಕು ಎಂದಿದ್ದಾರೆ. ಮೈಯ ಮಾತು ಮೈಯಲ್ಲೇ ಮುಗಿಯಿತು. ಡ್ವಾರ್ಫನ ಕತ್ತಲ ಕಣ್ಣು, ಎಲ್ಫನ ಧ್ಯಾನ, ಡ್ರ್ಯಾಗನ್‌ಬಾರ್ನನ ಉಸಿರು ಎಲ್ಲವೂ ಉಳಿದಿವೆ. ಸ್ವಾರಸ್ಯ ಕೆಡಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಆದರೆ ನಮ್ಮದೂ ಒಂದು ತಕರಾರಿದೆ. ಕುಲದಿಂದ ಬಿಡಿಸಿದ ಅಂಕಿಗಳನ್ನು ೨೦೨೪ರಲ್ಲಿ ಪಾತ್ರದ ಹಿಂದಿನ ಕಸುಬಿಗೆ ಕಟ್ಟಿದ್ದಾರೆ. ಅಂಥ ಹಿನ್ನೆಲೆಗಳು ೧೬. ಒಂದೊಂದಕ್ಕೂ ಮೂರು ಗುಣ ಗೊತ್ತುಮಾಡಿದೆ, ಹೆಚ್ಚಿನ ಅಂಕಿ ಆ ಮೂರಕ್ಕೇ ಸಲ್ಲಬೇಕು. ಬರವಣಿಗೆಯವನಿಗೆ, ಅಂದರೆ ನಮ್ಮಂಥ ಗುಮಾಸ್ತನಿಗೆ, ಚುರುಕು, ಬುದ್ಧಿ, ವಿವೇಕ. ಸಂತೋಷ! ರೈತನಿಗೆ ಬಲ, ತಾಳಿಕೆ, ವಿವೇಕ, ಬುದ್ಧಿಯಿಲ್ಲ. ಹುಟ್ಟನ್ನು ಬಿಟ್ಟು ಕಸುಬನ್ನು ಹಿಡಿದರೆ ಎಲ್ಲಿಗೆ ಬಂದು ನಿಲ್ಲುತ್ತದೆಂದು ಅಮೆರಿಕದವರಿಗೆ ಹೊಳೆಯದಿರಬಹುದು, ನಮ್ಮ ದೇಶದವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆಯ ಲೆಕ್ಕ, ಬೀಜದ ಲೆಕ್ಕ, ಸಾಲಕೊಟ್ಟವನ ಬಡ್ಡಿಯ ಲೆಕ್ಕ ಮೂರನ್ನೂ ಕಾಗದವಿಲ್ಲದೆ ತಲೆಯಲ್ಲಿಟ್ಟುಕೊಂಡ ತಂದೆಯರನ್ನು ಊರಲ್ಲಿ ಬಿಟ್ಟು ಬಂದವರು ಈ ಸಭೆಯಲ್ಲೇ ಎಷ್ಟು ಮಂದಿ ಇಲ್ಲ?

ಪುಣ್ಯಕ್ಕೆ ಅದೇ ವರ್ಷದ ಸೂತ್ರಧಾರನ ಪುಸ್ತಕದಲ್ಲಿ ಹೊಸ ಹಿನ್ನೆಲೆ ಕಟ್ಟುವ ವಿಧಾನವನ್ನೂ ಕೊಟ್ಟಿದ್ದಾರೆ. ಆಡಲು ಕುಳಿತುಕೊಳ್ಳುವವರು ಮೊದಲ ದಿನವೇ ಸೂತ್ರಧಾರನನ್ನು ಕೇಳಿ, ರೈತನ ಮುಂದೆ ಬುದ್ಧಿಯನ್ನೂ ಬರೆಸಿಕೊಳ್ಳಬಹುದು.