ಬಚ್ಚಲಿಗೆ ಹೊಸ ಟೈಲ್ಸು: ಮೊದಲು ಕೊಳವೆ, ಆಮೇಲೆ ನೆಲ



ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಬಚ್ಚಲಲ್ಲಿ ಕಾಲಿಗೆ ಸಿಗುವುದು ಶಹಾಬಾದ ಫರಸಿ. ಕಲಬುರಗಿ ಜಿಲ್ಲೆಯ ಈ ಸುಣ್ಣದ ಕಲ್ಲು ಎಷ್ಟೋ ಮನೆಗಳಲ್ಲಿ ಎರಡು ತಲೆಮಾರು ಬಾಳಿದೆ. ಆದರೆ ಸಂದುಗಳ ಗಚ್ಚು ಉದುರಿ, ಮಳೆಗಾಲದಲ್ಲಿ ಪಾಚಿ ಕಟ್ಟಿ, ವಯಸ್ಸಾದವರು ಕಾಲಿಡಲು ಹೆದರುವಂತಾದಾಗ ಟೈಲ್ಸ್ ಹಾಕಿಸುವ ಮಾತು ಬರುತ್ತದೆ. ಮನೆಯಲ್ಲಿ ಮದುವೆಯೋ ಹಬ್ಬವೋ ಹತ್ತಿರವಿರುತ್ತದೆ. ಗೌಂಡಿಯವರು ಬಂದು ಹಳೆಯ ಫರಸಿಯ ಮೇಲೆಯೇ ಗಾರೆ ಹರಡಿ, ಎರಡು ದಿನದಲ್ಲಿ ಹೊಳೆಯುವ ನೆಲ ಮಾಡಿಕೊಡುತ್ತಾರೆ. ಮೂರನೆಯ ದಿನ ಪ್ಲಂಬರ್ ಬಂದು ಕಮೋಡು ಕೂರಿಸಲು ನೋಡಿದರೆ, ಅದರ ಬಾಯಿಗೂ ಕೊಳವೆಯ ಬಾಯಿಗೂ ತಾಳೆಯಾಗುವುದಿಲ್ಲ!

ಹೀಗೇಕೆ ಆಗುತ್ತದೆ? ಲೆಕ್ಕ ಸರಳವಾಗಿದೆ. ಟೈಲ್ಸಿನ ದಪ್ಪ 8ರಿಂದ 10 ಮಿಲಿಮೀಟರು. ಅದರ ಕೆಳಗಿನ ಗಾರೆ 20ರಿಂದ 25 ಮಿಲಿಮೀಟರು. ಅಂದರೆ ನೆಲ ಒಂದು ಇಂಚಿಗಿಂತ ಹೆಚ್ಚು ಏರಿತು. ಕೊಳವೆ ಮಾತ್ರ ಇದ್ದಲ್ಲಿಯೇ ಉಳಿಯಿತು. ಕಮೋಡು ತಯಾರಿಸುವವರು ಕೊಡುವ ಎತ್ತರದ ಅಳತೆಗಳೆಲ್ಲ ಮುಗಿದ ನೆಲದಿಂದ, ಅಂದರೆ ಟೈಲ್ಸಿನ ಮೇಲ್ಮೈಯಿಂದ ಎಣಿಸಿದವು. ಆದ್ದರಿಂದ ಟೈಲ್ಸಿನ ಮೇಲ್ಮೈ ಎಲ್ಲಿಗೆ ಬರುತ್ತದೆ ಎಂದು ಮೊದಲೇ ಗೋಡೆಯ ಮೇಲೆ ಗೆರೆ ಎಳೆದುಕೊಳ್ಳಬೇಕು. ಉಳಿದ ಕೆಲಸವೆಲ್ಲ ಆ ಗೆರೆಯನ್ನು ಅನುಸರಿಸಬೇಕು.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪಾಯಖಾನೆಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ಹೊರದಾರಿ ಗೋಡೆಯೊಳಗೆ ಹೋಗುವ ಕಮೋಡು. ಇದಕ್ಕೆ ಪಿ-ಟ್ರ್ಯಾಪ್ ಎನ್ನುತ್ತಾರೆ. ಇದರ ಬಾಯಿಯ ನಡುಮಧ್ಯ ನೆಲದಿಂದ ಸುಮಾರು 7 ಇಂಚು ಎತ್ತರದಲ್ಲಿರುತ್ತದೆ. ನೆಲ ಏರಿದರೆ ಕಮೋಡೂ ಏರುತ್ತದೆ, ಗೋಡೆಯ ಕೊಳವೆ ಕೆಳಗೆ ಉಳಿಯುತ್ತದೆ. ವ್ಯತ್ಯಾಸ ಸ್ವಲ್ಪವಿದ್ದರೆ ರಬ್ಬರಿನ ಪ್ಯಾನ್ ಕನೆಕ್ಟರ್ ಅದನ್ನು ತಡೆದುಕೊಳ್ಳುತ್ತದೆ. ಹೆಚ್ಚಿದ್ದರೆ ಗೋಡೆ ಒಡೆದು ಕೊಳವೆಯನ್ನೇ ಎತ್ತಬೇಕು. ಸಿಮೆಂಟು ಮೆತ್ತಿ ಸಂದು ಮುಚ್ಚುವುದು ಪರಿಹಾರವಲ್ಲ. ಪಿವಿಸಿ ಕೊಳವೆಗೆ ಸಿಮೆಂಟು ಸರಿಯಾಗಿ ಅಂಟುವುದಿಲ್ಲ.

ಎರಡನೆಯದು, ಹೊರದಾರಿ ನೆಲದೊಳಗೆ ಇಳಿಯುವ ಎಸ್-ಟ್ರ್ಯಾಪ್ ಕಮೋಡು. ಇಲ್ಲಿ ಕೊಳವೆಯ ಬಾಯಿ ಹೊಸ ನೆಲದ ಕೆಳಗೆ ಹುದುಗಿಹೋಗುತ್ತದೆ. ಅದೇ ಅಳತೆಯ ತುಂಡನ್ನು ಭದ್ರವಾಗಿ ಜೋಡಿಸಿ ಹೊಸ ಮಟ್ಟಕ್ಕೆ ತರಬೇಕು. ಗೋಡೆಯ ಕಡೆಗೂ ಗಮನವಿರಲಿ. ಕೊಳವೆಯ ಮಧ್ಯಕ್ಕೂ ಗೋಡೆಗೂ ಇರುವ ಅಂತರ ಸಾಮಾನ್ಯವಾಗಿ 4, 9 ಅಥವಾ 12 ಇಂಚು. ಗೋಡೆಗೂ ಟೈಲ್ಸ್ ಹಾಕಿಸಿದರೆ ಮುಕ್ಕಾಲು ಇಂಚು ಅಲ್ಲಿ ಹೋಗುತ್ತದೆ. 9 ಇಂಚು ಎಂದುಕೊಂಡು ತಂದ ಕಮೋಡು ಹಿಂದಿನ ಗೋಡೆಗೆ ತಾಗಿ ನಿಲ್ಲುತ್ತದೆ. ಅಳತೆ ಮಾಡುವ ಮೊದಲು ಅಂಗಡಿಗೆ ಹೋಗಬೇಡಿ.

ಮೂರನೆಯದು ನಮ್ಮ ಕುಕ್ಕರಗಾಲಿನ ಪಾಯಖಾನೆ. ಇದರ ಅಂಚು ನೆಲಕ್ಕೆ ಸಮವಾಗಿರಬೇಕು. ನೆಲ ಮಾತ್ರ ಏರಿದರೆ ಅದು ಗುಂಡಿಯಾಗುತ್ತದೆ. ಕೂರುವುದೂ ಕಷ್ಟ, ಏಳುವುದೂ ಕಷ್ಟ. ಕಾಂಕ್ರೀಟಿನಲ್ಲಿ ಕೂತ ಪ್ಯಾನು ತೆಗೆಯುವಾಗ ಬಹಳ ಸಲ ಒಡೆಯುತ್ತದೆ. ಹೊಸದೊಂದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ತೊಂದರೆ ಬೇಡವೆನ್ನುವವರಿಗೆ ಸುಲಭ ದಾರಿಯೊಂದಿದೆ. ಹಳೆಯ ಫರಸಿಯನ್ನು ಎಬ್ಬಿಸಿ ತೆಗೆಸಿ, ಹೊಸ ಟೈಲ್ಸಿನ ಮೇಲ್ಮೈ ಹಳೆಯ ಮಟ್ಟಕ್ಕೇ ಬರುವಂತೆ ಮಾಡಿಸಿ. ಎರಡು ದಿನದ ಕೂಲಿ ಹೆಚ್ಚಾದೀತು, ಆದರೆ ಹೊಸ್ತಿಲು ಉಳಿಯುತ್ತದೆ. ಬಚ್ಚಲ ನೆಲ ಪಡಸಾಲೆಯ ನೆಲಕ್ಕಿಂತ ಕೆಳಗಿರದಿದ್ದರೆ ನೀರು ಹಾಸಿಗೆಯವರೆಗೆ ಹರಿಯುತ್ತದೆ.

ನೆಲದ ಇಳಿಜಾರು ಐದು ಅಡಿಗೆ ಮುಕ್ಕಾಲು ಇಂಚಿನಷ್ಟು ಇರಲಿ. 4 ಇಂಚಿನ ಮಲದ ಕೊಳವೆಯ ಇಳಿಜಾರು ಹತ್ತು ಅಡಿಗೆ 3 ಇಂಚು. ನಹಾನಿ ಟ್ರ್ಯಾಪಿನಲ್ಲಿ ಸದಾ ಎರಡು ಇಂಚು ನೀರು ನಿಂತಿರಬೇಕು. ಚರಂಡಿಯ ವಾಸನೆಯನ್ನೂ ಹುಳುಗಳನ್ನೂ ತಡೆಯುವುದು ಆ ನೀರೇ. ಬೇಸಿಗೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದಾಗ ನಾರಿದರೆ, ಒಂದು ಬಕೆಟ್ ನೀರು ಸುರಿದು ನೋಡಿ.

ಹುಬ್ಬಳ್ಳಿಯ ಬಹುಭಾಗ, ಅದರಾಚೆಗೆ ನವಲಗುಂದದ ಕಡೆಯೆಲ್ಲ, ಎರೆ ಭೂಮಿ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಟೈಲ್ಸಿನ ಕೆಳಗೆ ಸೋರುವ ಸಣ್ಣ ಸಂದು ಕಣ್ಣಿಗೆ ಕಾಣದೆ ಪಾಯದ ಮಣ್ಣನ್ನು ನೆನೆಸುತ್ತದೆ. ಬಿರುಕು ಗೋಡೆಯಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ನೀರಿಗಾಗಿ ದಿನಗಟ್ಟಲೆ ಕಾದ ಊರು ನಮ್ಮದು. 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನಳದ ನೀರು ಬಂತು. ನಿರಂತರ ಒತ್ತಡವಿರುವ ನಳ ಸೋರಿದರೆ ಹಗಲು-ರಾತ್ರಿ ಸೋರುತ್ತದೆ. ಆದ್ದರಿಂದ ಟೈಲ್ಸ್ ಕೂರಿಸುವ ಮೊದಲು ಹೊರದಾರಿಗಳನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ. 24 ತಾಸು, ಸಾಧ್ಯವಾದರೆ 48 ತಾಸು ಕಾಯಿರಿ. ಕೆಳಗೆ ಇನ್ನೊಂದು ಸಂಸಾರ ವಾಸವಿದ್ದರಂತೂ ಈ ಪರೀಕ್ಷೆ ತಪ್ಪಿಸಲೇಬೇಡಿ.

ಕೊನೆಯದಾಗಿ ಬಹಳ ಮುಖ್ಯವಾದ ಮಾತು. ಕಮೋಡು ತೆಗೆದ ಕೂಡಲೇ ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಅದಕ್ಕೊಂದು ಹಗ್ಗ ಕಟ್ಟಿ ಹೊರಗೆ ಬಿಡಿ. ಮುಚ್ಚದೆ ಬಿಟ್ಟ ಬಾಯಿಯೊಳಗೆ ಕಲ್ಲುಚೂರು, ಗಾರೆ ಬಿದ್ದು ಗಟ್ಟಿಯಾಗುತ್ತವೆ. ಆಮೇಲೆ ದಾರಿ ಕಟ್ಟಿದಾಗ ಯಾರನ್ನೋ ಕರೆದು ಗುಂಡಿಗೆ ಇಳಿಸುವ ಯೋಚನೆ ಬರುತ್ತದೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ನಾಡು ನಮ್ಮದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಮಲದ ಗುಂಡಿಗೆ ಇಳಿಸುವುದು 2013ರ ಕೇಂದ್ರ ಕಾಯ್ದೆಯಂತೆ ಅಪರಾಧ. ಅಲ್ಲಿನ ವಿಷಗಾಳಿ ಕೆಲವೇ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು. ದಾರಿ ಕಟ್ಟಿದರೆ ಯಂತ್ರದ ಗಾಡಿ ತರಿಸಿ. ಕಟ್ಟದಂತೆ ನೋಡಿಕೊಳ್ಳಲು ಒಂದು ಹಳೆಯ ಬಟ್ಟೆ ಸಾಕು.

ಹಾಗಾದರೆ ಕೆಲಸದ ಕ್ರಮ ನೆನಪಿಡಿ: ಗೆರೆ, ಅಳತೆ, ಕೊಳವೆ, ನೀರಿನ ಪರೀಕ್ಷೆ, ಆಮೇಲೆ ಟೈಲ್ಸು, ಕೊನೆಗೆ ಕಮೋಡು. ಗೌಂಡಿಯವರನ್ನೂ ಪ್ಲಂಬರನ್ನೂ ಮೊದಲ ದಿನವೇ ಒಟ್ಟಿಗೆ ಕರೆಸಿ, ಒಂದು ಕಪ್ಪು ಚಹಾ ಕೊಟ್ಟು, ಗೋಡೆಯ ಮೇಲಿನ ಆ ಗೆರೆಯನ್ನು ಇಬ್ಬರಿಗೂ ತೋರಿಸಿ. ಅರ್ಧ ಕೆಲಸ ಅಲ್ಲಿಯೇ ಆದಂತೆ.